ಕೈಗೆ ಕೋಳ, ಕಣ್ಣಿಗೆ ಕಟ್ಟು

ಬೆಂಗಳೂರನ್ನು ನೋಡಲು ಬರುವವರ ಪಟ್ಟಿಯಲ್ಲಿ ಶ್ರೀರಾಂಪುರದ ಹೆಸರು ಇರುವುದಿಲ್ಲ. ಪಕ್ಕದ ಮಲ್ಲೇಶ್ವರಕ್ಕೆ 1898ರ ಪ್ಲೇಗಿನ ಕಥೆಯಿದೆ, ಕಾಡು ಮಲ್ಲೇಶ್ವರನ ಗುಡಿಯಿದೆ, ಸಂಪಿಗೆ ರಸ್ತೆಯ ಹೂವಿನಂಗಡಿಗಳಿವೆ. ರೈಲು ಹಳಿಯ ಇತ್ತಕಡೆಯ ಶ್ರೀರಾಂಪುರದಲ್ಲಿರುವುದು ಒಂದಕ್ಕೊಂದು ಆತುಕೊಂಡ ಮನೆಗಳು, ಕಿರಿದಾದ ಅಡ್ಡರಸ್ತೆಗಳು, ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಎಲ್ಲವೂ ಕಿವಿಗೆ ಬೀಳುವ ಅಂಗಡಿ ಜಗಲಿಗಳು, ಅಂಚಿನಲ್ಲಿ ಹರಿಶ್ಚಂದ್ರ ಘಾಟ್. ಸುತ್ತಮುತ್ತಲ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದವರ ಸಂಸಾರಗಳು ಬೆಳೆದ ಬಡಾವಣೆ ಇದು. ಆ ಗಿರಣಿಗಳಲ್ಲೊಂದಾದ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಿಂದ ಮಂತ್ರಿ ಸ್ಕ್ವೇರ್ ಎಂಬ ಭಾರಿ ಮಳಿಗೆ ನಿಂತಿದೆ.

2014ರ ಮಾರ್ಚ್ 1ರಂದು ಶ್ರೀರಾಂಪುರಕ್ಕೂ ಮೆಟ್ರೊ ಬಂತು. ಮೂರು ವರ್ಷಗಳ ನಂತರ, 2017ರ ಜೂನ್‌ನಲ್ಲಿ, ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಇಲ್ಲಿ ಹತ್ತಿದವರು ನೇರವಾಗಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮುಂದೆ ಇಳಿಯಬಹುದು. ನಡುವೆ ಬರುವ ನಿಲ್ದಾಣಗಳು ನಾಲ್ಕೇ: ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ. ಹಳೆಯ ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುವ ಈ ಪುಟ್ಟ ಪ್ರಯಾಣದಲ್ಲಿ ಒಂದು ಹಳೆಯ ವಿದ್ಯೆಯ ಕಥೆಯನ್ನೂ ಹೇಳಿಕೊಂಡು ಹೋಗಬಹುದು. ಕೈಗೆ ಕೋಳ ತೊಡಿಸಿಕೊಂಡು, ಪೆಟ್ಟಿಗೆಯಲ್ಲಿ ಕೂತು, ನೀರಿಗೆ ಬಿದ್ದು, ನೆರೆದ ಜನರ ಕಣ್ಣೆದುರಿಗೇ ಬಿಡಿಸಿಕೊಂಡು ಬರುವ ವಿದ್ಯೆ ಅದು. ನೂರು ವರ್ಷಗಳ ಹಿಂದೆ ಅಮೆರಿಕ, ಯೂರೋಪುಗಳ ನಗರಗಳು ಇದಕ್ಕಾಗಿ ಹುಚ್ಚೆದ್ದು ಬೀದಿಗೆ ಬರುತ್ತಿದ್ದವು. ಅದರ ಒಂದು ಬೇರು ನಮ್ಮ ಓಣಿಗಳಲ್ಲೂ ಇದೆ. ಅದನ್ನು ಪ್ರಶ್ನಿಸಿ ನೋಡುವ ಬುದ್ಧಿ ಬಸವನಗುಡಿಯಲ್ಲಿದೆ.

ಬುಟ್ಟಿಯೊಳಗಿನ ಹುಡುಗ

ಡೋಲಿನ ಸದ್ದು ಕೇಳಿದರೆ ಓಣಿಯ ಮಕ್ಕಳೆಲ್ಲ ಬಾಗಿಲಿಗೆ ಬರುತ್ತಿದ್ದ ಕಾಲವೊಂದಿತ್ತು. ದೊಂಬರು ಗಳ ನೆಟ್ಟು ಹಗ್ಗ ಬಿಗಿಯುತ್ತಿದ್ದರು. ಗಾರುಡಿಗರು ಚಾಪೆ ಹಾಸಿ ಬುಟ್ಟಿ ಇಡುತ್ತಿದ್ದರು. ಬುಟ್ಟಿಯ ಆಟ ದೇಶದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಬಗೆ. ಒಬ್ಬ ಹುಡುಗನನ್ನು ಬಲೆಯಲ್ಲಿ ಕಟ್ಟಿ, ಕುತ್ತಿಗೆ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಬುಟ್ಟಿಯೊಳಗೆ ತುರುಕುತ್ತಾರೆ. ಮೇಲೆ ಬಟ್ಟೆ ಮುಚ್ಚುತ್ತಾರೆ. ಗಾರುಡಿಗ ಕತ್ತಿ ತೆಗೆದು ಬುಟ್ಟಿಯನ್ನು ಆಚೆಯಿಂದ ಈಚೆಯಿಂದ ತಿವಿಯುತ್ತಾನೆ. ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೊನೆಗೆ ಬಲೆ ಬರಿದಾಗಿ ಹೊರಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಹುಡುಗ ನಗುತ್ತ ಎದ್ದು ನಿಂತು ಕಾಸಿಗೆ ತಟ್ಟೆ ಹಿಡಿದು ಬರುತ್ತಾನೆ.

ಹುಡುಗ ಎಲ್ಲಿಗೂ ಹೋಗಿರುವುದಿಲ್ಲ. ಬಲೆಯಿಂದ ಬಿಡಿಸಿಕೊಂಡು, ಬುಟ್ಟಿಯ ಅಗಲವಾದ ಹೊಟ್ಟೆಯ ಗೋಡೆಗೆ ಅಂಟಿ, ಹಾವು ಸುತ್ತಿಕೊಂಡಂತೆ ಸುತ್ತಿಕೊಂಡು ಮಲಗಿರುತ್ತಾನೆ. ನಡುವೆ ಉಳಿಯುವ ಖಾಲಿ ಜಾಗ ಕತ್ತಿಗೆ. ಯಾವ ಕತ್ತಿ ಯಾವ ಕಡೆಯಿಂದ ಎಷ್ಟನೆಯದಾಗಿ ಬರುತ್ತದೆಂಬುದು ಅವನಿಗೆ ಬಾಯಿಪಾಠ. ಎರಡು ಅಂಗುಲ ತಪ್ಪಿದರೆ ಆಟ ಮುಗಿದಂತೆ. ಮೈಯನ್ನು ಅಷ್ಟು ಬಳುಕಿಸಲು ನಾಲ್ಕೈದನೇ ವಯಸ್ಸಿನಿಂದಲೇ ಪಳಗಿಸಬೇಕು. ಶಾಲೆಗೆ ಹೋಗಬೇಕಾದ ಮಗು ಬುಟ್ಟಿಗೆ ಹೋಗುತ್ತಿತ್ತು.

ಬಿಡಿಸಿಕೊಳ್ಳುವ ವಿದ್ಯೆಯ ಮೂರು ಮುಖ್ಯ ಸಂಗತಿಗಳೂ ಈ ಬೀದಿ ಆಟದಲ್ಲಿಯೇ ಇವೆ. ಒಂದು, ಮೈ ಪಳಗಿರಬೇಕು. ಎರಡು, ಸಾಮಾನು ಗೊತ್ತಿರಬೇಕು. ಬುಟ್ಟಿಯ ಆಕಾರವೇ ಅರ್ಧ ಗುಟ್ಟು. ಮೂರು, ನೋಡುವವರ ಲಕ್ಷ್ಯವೆಲ್ಲ ಕತ್ತಿಯ ಮೇಲಿರಬೇಕು. ಈ ಮೂರನೆಯದಕ್ಕೆ ಕನ್ನಡದಲ್ಲಿ ಸೊಗಸಾದ ಮಾತಿದೆ: ಕಣ್ಕಟ್ಟು. ಕಟ್ಟು ಬೀಳುವುದು ಆಟಗಾರನ ಕೈಕಾಲಿಗೆ ಎಂದು ನಾವು ತಿಳಿಯುತ್ತೇವೆ. ಬಿಗಿಯಾದ ಕಟ್ಟು ಇರುವುದು ನಮ್ಮ ಕಣ್ಣಿಗೆ.

ಈ ಆಟಗಳು ಹಡಗು ಹತ್ತಿ ಪಶ್ಚಿಮಕ್ಕೂ ಹೋದವು. 1810ರ ದಶಕದಲ್ಲಿ ಭಾರತದಿಂದ ಲಂಡನ್ನಿಗೆ ಹೋದ ರಾಮಸ್ವಾಮಿ ಎಂಬ ಜಾದೂಗಾರ ಅಲ್ಲಿ ‘ರಾಮೋ ಸಾಮಿ’ ಎಂದು ಮನೆಮಾತಾದ. ಚೆಂಡು ಹಾರಿಸುವುದು, ಕತ್ತಿ ನುಂಗುವುದು ಅವನ ಆಟಗಳು. ಇಂಗ್ಲಿಷಿನ ದೊಡ್ಡ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಭಾರತದ ಜಾದೂಗಾರರ ಕೈಚಳಕದ ಮೇಲೆ ಪ್ರಬಂಧವನ್ನೇ ಬರೆದ. ಇಷ್ಟಾದರೂ 1850ರಲ್ಲಿ ರಾಮೋ ಸಾಮಿ ಸತ್ತಾಗ ಅವನನ್ನು ಮಣ್ಣು ಮಾಡಲು ಹೆಂಡತಿಯ ಕೈಯಲ್ಲಿ ದುಡ್ಡಿರಲಿಲ್ಲ. ಮುಂದೆ 1893ರಲ್ಲಿ ಷಿಕಾಗೊ ನಗರದಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅದರದೇ ಅಂಗ. ಅದೇ ಪ್ರದರ್ಶನಕ್ಕೆ ಹತ್ತೊಂಬತ್ತು ವರ್ಷದ ಬಡ ಜಾದೂಗಾರನೊಬ್ಬನೂ ಹೊಟ್ಟೆಪಾಡು ಹುಡುಕಿಕೊಂಡು ಬಂದಿದ್ದ. ಬಾಯಿಗೆ ಸೂಜಿಗಳನ್ನೂ ದಾರವನ್ನೂ ಹಾಕಿಕೊಂಡು, ಪೋಣಿಸಿದ ಸರವಾಗಿ ಹೊರಗೆಳೆಯುವ ಆಟವನ್ನು ಅವನು ಕೊನೆಯವರೆಗೂ ‘ಭಾರತದ ಸೂಜಿ ಆಟ’ ಎಂದೇ ಕರೆದು ಆಡಿದ. ಅವನ ಹೆಸರು ಹ್ಯಾರಿ ಹೂಡಿನಿ.

ಗಿರಣಿಯ ಹುಡುಗ

ಶ್ರೀರಾಂಪುರ ಬಿಟ್ಟ ರೈಲು ಮರುಕ್ಷಣವೇ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಿಂದೆ ಗಿರಣಿ ಇದ್ದ ಜಾಗವೆಂದು ಮೊದಲು ಹೇಳಿದ್ದು ಇದನ್ನೇ. ಹೂಡಿನಿಯ ಬಾಲ್ಯವನ್ನು ಗಿರಣಿ ಕಾರ್ಮಿಕರ ಮಕ್ಕಳು ಸುಲಭವಾಗಿ ಗುರುತಿಸಬಲ್ಲರು. ಅವನು ಹುಟ್ಟಿದ್ದು 1874ರ ಮಾರ್ಚ್ 24ರಂದು ಹಂಗೆರಿಯ ಬುಡಾಪೆಸ್ಟಿನಲ್ಲಿ. ಹುಟ್ಟುಹೆಸರು ಎರಿಕ್ ವೈಸ್. ತಂದೆ ಯಹೂದಿ ಧರ್ಮಗುರು. 1878ರಲ್ಲಿ ಸಂಸಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್ ಎಂಬ ಸಣ್ಣ ಊರಿಗೆ ಬಂತು. ತಂದೆಯ ಕೆಲಸ ಹೋಯಿತು, ಬಡತನ ಬಂತು. ನ್ಯೂಯಾರ್ಕಿಗೆ ಬಂದ ಹುಡುಗ ಕತ್ತುಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ. ರಾಬೇರ್ ಹೂದ್ಯಾಂ ಎಂಬ ಫ್ರೆಂಚ್ ಜಾದೂಗಾರನ ಪುಸ್ತಕ ಓದಿ, ಆ ಹೆಸರಿಗೆ ಬಾಲ ಸೇರಿಸಿ ತನ್ನ ಹೆಸರು ಮಾಡಿಕೊಂಡ.

ಆ ಕಾಲದ ಅಮೆರಿಕದಲ್ಲಿ ಜನಸಾಮಾನ್ಯರ ಮನರಂಜನೆ ಎಂದರೆ ‘ವಾಡೆವಿಲ್’. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಹಾಸ್ಯ, ಕಸರತ್ತು, ತರಬೇತಾದ ನಾಯಿ, ಜಾದೂ ಎಂದು ಎಂಟು ಹತ್ತು ಆಟಗಳು ಒಂದಾದ ಮೇಲೊಂದು ಬರುತ್ತಿದ್ದವು. ಒಂದೇ ಒಡೆತನದ ಹತ್ತಾರು ರಂಗಮಂದಿರಗಳು ಊರೂರಲ್ಲಿ ಇರುತ್ತಿದ್ದುದರಿಂದ ಆಟಗಾರರು ವರ್ಷವಿಡೀ ರೈಲಿನಲ್ಲಿ ತಿರುಗುತ್ತಿದ್ದರು. ಹೂಡಿನಿ ಮೊದಮೊದಲು ಎಲ್ಲರಂತೆ ಇಸ್ಪೀಟು, ಪಾರಿವಾಳದ ಆಟ ಆಡಿ ಸೋತ. 1899ರಲ್ಲಿ ಮಾರ್ಟಿನ್ ಬೆಕ್ ಎಂಬ ರಂಗಮಂದಿರಗಳ ವ್ಯವಸ್ಥಾಪಕ ಅವನ ಆಟ ನೋಡಿ, ಇಸ್ಪೀಟೆಲ್ಲ ಬಿಟ್ಟು ಕೈಕೋಳ ಬಿಡಿಸುವುದನ್ನೇ ಹಿಡಿದುಕೊಳ್ಳಲು ಹೇಳಿದ. ಸಂಬಳ ವಾರಕ್ಕೆ 60 ಡಾಲರ್. ಮುಂದಿನ ವರ್ಷ ಹೂಡಿನಿ ಲಂಡನ್ನಿಗೆ ಹೋದ. ಐದು ವರ್ಷ ಕಳೆಯುವುದರೊಳಗೆ ಯೂರೋಪಿನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಆಟಗಾರರಲ್ಲಿ ಒಬ್ಬನಾಗಿದ್ದ.

ಊರಿಗೇ ಬಿಟ್ಟಿ ಆಟ

ಸಂಪಿಗೆ ರಸ್ತೆ ದಾಟಿದ ರೈಲು ನೆಲದೊಳಗೆ ಇಳಿದು ಮೆಜೆಸ್ಟಿಕ್ ಸೇರುತ್ತದೆ. ಮೇಲಿರುವ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಇದ್ದದ್ದು ಧರ್ಮಾಂಬುಧಿ ಕೆರೆ. ಕೆರೆ ಬತ್ತಿ ಸುಭಾಷ್‌ನಗರ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಸುತ್ತಲೂ ಚಿತ್ರಮಂದಿರಗಳು ಸಾಲುಗಟ್ಟಿದ್ದ ಈ ಗಾಂಧಿನಗರದಲ್ಲಿ ಗುಬ್ಬಿ ಕಂಪನಿಯ ಹೆಸರಿನ ಥಿಯೇಟರೂ ಇತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಜನರನ್ನು ಬೆರಗುಗೊಳಿಸುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು. ಕಂಪನಿ ನಾಟಕದವರು ಊರಿಗೆ ಬಂದರೆಂದರೆ ಜಟಕಾ ಗಾಡಿಯಲ್ಲಿ ಬಾಜಾ ಬಾರಿಸಿಕೊಂಡು ಕರಪತ್ರ ಎಸೆಯುತ್ತ ಬೀದಿ ಸುತ್ತುತ್ತಿದ್ದರು. ಸಂಜೆಯ ಟಿಕೆಟ್ ಮಾರಬೇಕಾದರೆ ಮಧ್ಯಾಹ್ನ ಬೀದಿಯಲ್ಲಿ ಸದ್ದು ಮಾಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಹೂಡಿನಿಯ ಸಾಹಸಗಳ ಲೆಕ್ಕಾಚಾರವೂ ಇದೇ. ಅವನು ಕರಪತ್ರ ಎಸೆಯಲಿಲ್ಲ, ತನ್ನನ್ನೇ ಎಸೆದುಕೊಂಡ. ಹೊಸ ಊರಿಗೆ ಹೋದೊಡನೆ ಪೊಲೀಸ್ ಠಾಣೆಗೆ ಹೋಗಿ, ತನ್ನನ್ನು ಜಾಲಾಡಿ ನೋಡಿ ಬೀಗ ಹಾಕಿರೆಂದು ಕೇಳುತ್ತಿದ್ದ. 1906ರ ಜನವರಿಯಲ್ಲಿ ವಾಷಿಂಗ್ಟನ್ನಿನ ಜೈಲಿನಲ್ಲಿ ಅಧ್ಯಕ್ಷ ಗಾರ್ಫೀಲ್ಡರನ್ನು ಕೊಂದವನನ್ನು ಇಟ್ಟಿದ್ದ ಕೋಣೆಯಿಂದಲೇ ಹೊರಬಂದ. ಬರುವಾಗ ಸುಮ್ಮನಿರದೆ ಅಕ್ಕಪಕ್ಕದ ಕೋಣೆಗಳ ಕೈದಿಗಳನ್ನು ಅದಲುಬದಲು ಮಾಡಿ ಬಂದ. ಮರುದಿನ ಪತ್ರಿಕೆಗಳ ಮುಖಪುಟಕ್ಕೆ ಅಷ್ಟು ಸಾಕಾಗಿತ್ತು.

ಅವನು ಹೆಚ್ಚು ಹೆಸರು ಮಾಡಿದ್ದು ಸೇತುವೆಗಳಿಂದ. 1906ರ ನವೆಂಬರ್ 27ರಂದು ಡೆಟ್ರಾಯಿಟ್ ನಗರದ ಬೆಲ್ ಐಲ್ ಸೇತುವೆಯಿಂದ ಎರಡು ಜೊತೆ ಕೋಳ ತೊಟ್ಟು ನದಿಗೆ ಹಾರಿದ. ಈ ಕಥೆಯನ್ನು ಮುಂದೆ ಅವನೇ ಬೆಳೆಸುತ್ತ ಹೋದ. ನದಿ ಹೆಪ್ಪುಗಟ್ಟಿತ್ತು, ಹಿಮದಲ್ಲಿ ರಂಧ್ರ ಕೊರೆದು ಹಾರಿದ್ದು, ಪ್ರವಾಹ ಎಳೆದೊಯ್ದಾಗ ಹಿಮದ ಕೆಳಗಿನ ಗಾಳಿಗುಳ್ಳೆಗಳನ್ನು ಉಸಿರಾಡಿ ನಿಮಿಷಗಟ್ಟಲೆ ಬದುಕಿದ್ದು ಎಂಬ ವಿವರಗಳೆಲ್ಲ ಸೇರಿಕೊಂಡವು. 1953ರ ಹಾಲಿವುಡ್ ಚಿತ್ರ ಅದನ್ನು ತೆರೆಯ ಮೇಲೂ ತಂದಿತು. ಆದರೆ ಅಂದಿನ ಸ್ಥಳೀಯ ಪತ್ರಿಕೆಯ ವರದಿಯಲ್ಲಿ ಹಿಮದ ಮಾತೇ ಇಲ್ಲ. ಅಲ್ಲಿರುವುದು ಇನ್ನೊಂದು ವಿವರ: ಅವನ ಮೈಗೆ 113 ಅಡಿ ಉದ್ದದ ರಕ್ಷಣೆಯ ಹಗ್ಗ ಕಟ್ಟಿತ್ತು. ಜನ ಕೋಳ ನೋಡಿದರು, ಹಿಮದ ಕಥೆ ಕೇಳಿದರು. ಹಗ್ಗವನ್ನು ಮರೆತರು.

1912ರ ಜುಲೈ 7ರ ಸಾಹಸದಲ್ಲೂ ಅಷ್ಟೆ. ನ್ಯೂಯಾರ್ಕಿನ ಈಸ್ಟ್ ನದಿಯ ಕಟ್ಟೆಯಿಂದ ಹಾರಕೂಡದೆಂದು ಪೊಲೀಸರು ತಡೆದರು. ಹೂಡಿನಿ ಸಣ್ಣ ಹಡಗೊಂದನ್ನು ಬಾಡಿಗೆಗೆ ಹಿಡಿದು, ಪತ್ರಕರ್ತರನ್ನೂ ಹತ್ತಿಸಿಕೊಂಡು ನದಿಯ ಮಧ್ಯಕ್ಕೇ ಹೋದ. ಕೈಕಾಲಿಗೆ ಕೋಳ ಹಾಕಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮೊಳೆ ಹೊಡೆದು, ಸುಮಾರು 200 ಪೌಂಡ್ ಸೀಸದ ಭಾರ ಕಟ್ಟಿ ನೀರಿಗೆ ಇಳಿಸಿದರು. 57 ಸೆಕೆಂಡಿನಲ್ಲಿ ಅವನು ಮೇಲೆ ಬಂದ. ಪೆಟ್ಟಿಗೆಯನ್ನು ಎತ್ತಿ ನೋಡಿದರೆ ಮೊಳೆಗಳು ಹೊಡೆದಂತೆಯೇ ಇದ್ದವು, ಕೋಳಗಳು ಒಳಗೇ ಬಿದ್ದಿದ್ದವು. ನದಿಯ ದಡದಲ್ಲಿ ನೋಡಿದವರಾರೂ ಕಾಸು ಕೊಟ್ಟಿರಲಿಲ್ಲ. ಅವರು ಕಾಸು ಕೊಟ್ಟದ್ದು ರಾತ್ರಿಯ ಆಟಕ್ಕೆ.

ಬೀಗ, ಬಟ್ಟೆ ಮತ್ತು ಉಸಿರು

ಮೆಜೆಸ್ಟಿಕ್ ಬಿಟ್ಟ ರೈಲು ಚಿಕ್ಕಪೇಟೆಯ ಜವಳಿ ಅಂಗಡಿಗಳ ಕೆಳಗೆ, ನಂತರ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವು ತರಕಾರಿ ರಾಶಿಗಳ ಕೆಳಗೆ ಸುರಂಗದಲ್ಲಿ ಓಡುತ್ತದೆ. ತಲೆಯ ಮೇಲೆ ಪೇಟೆಯ ಗಲ್ಲಿಗಳು. ಅಲ್ಲಿ ಕಳೆದುಹೋದ ಕೀಲಿಗೆ ಬದಲಿ ಮಾಡಿಕೊಡುವವನು ಅರ ಹಿಡಿದು ಕೂತಿರುವುದನ್ನು ನೋಡಿದವರಿಗೆ ಹೂಡಿನಿಯ ಅರ್ಧ ವಿದ್ಯೆ ಅರ್ಥವಾಗುತ್ತದೆ. ಬೀಗಗಳ ಹೊರಮೈ ನೂರು ಬಗೆ. ಒಳಗಿನ ರಚನೆ ಕೆಲವೇ ಬಗೆ. ಹೂಡಿನಿ ಊರೂರಿನ ಬೀಗಗಳನ್ನು ಸಂಗ್ರಹಿಸಿ, ಬಿಚ್ಚಿ, ಜೋಡಿಸಿ, ಅವುಗಳ ಮೇಲಿನ ಪುಸ್ತಕಗಳನ್ನು ಕೊಂಡು ಓದುತ್ತಿದ್ದ. ಸಣ್ಣ ಕೀಲಿ, ತಂತಿಗಳನ್ನು ಬಚ್ಚಿಡುವ ಉಪಾಯಗಳೂ ಅವನಲ್ಲಿದ್ದವು.

ಗೊತ್ತಿಲ್ಲದ ಬೀಗ ಎದುರಾದರೆ ಏನಾಗುತ್ತಿತ್ತೆಂಬುದಕ್ಕೆ 1904ರ ಮಾರ್ಚ್ 17ರ ಘಟನೆ ಸಾಕ್ಷಿ. ಬರ್ಮಿಂಗ್‌ಹ್ಯಾಮಿನ ಬೀಗದ ಕುಶಲಿ ನಥಾನಿಯಲ್ ಹಾರ್ಟ್ ಐದು ವರ್ಷ ಕೂತು ಮಾಡಿದನೆನ್ನಲಾದ ಕೋಳವನ್ನು ಲಂಡನ್ನಿನ ‘ಮಿರರ್’ ಪತ್ರಿಕೆ ಸವಾಲಾಗಿ ಮುಂದಿಟ್ಟಿತು. ಸುಮಾರು ನಾಲ್ಕು ಸಾವಿರ ಜನ ನೋಡುತ್ತಿದ್ದರು. ಗಂಟೆಯ ಹತ್ತಿರಕ್ಕೆ ಬಂದರೂ ಕೋಳ ಕಳಚಲಿಲ್ಲ. ಕೋಟು ತೆಗೆಯಲು ಒಮ್ಮೆ ಕೈ ಬಿಡಿಸಿರೆಂದು ಹೂಡಿನಿ ಕೇಳಿದ, ಪತ್ರಿಕೆಯವರು ಒಪ್ಪಲಿಲ್ಲ. ಅವನು ಜೇಬಿನ ಚಾಕುವನ್ನು ಹಲ್ಲಿನಲ್ಲಿ ಕಚ್ಚಿ ಮೈಮೇಲಿನ ಕೋಟನ್ನೇ ಸೀಳಿ ಎಸೆದ. ಒಂದು ಗಂಟೆ ಹತ್ತು ನಿಮಿಷಕ್ಕೆ ಕೋಳ ಬಿಚ್ಚಿತು. ಇದೆಲ್ಲ ಮೊದಲೇ ಮಾಡಿಕೊಂಡ ಒಳ ಒಪ್ಪಂದವೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳ ಕೈಗಳನ್ನು ಎದೆಗೆ ಸುತ್ತಿ ಬಿಗಿಯುತ್ತಿದ್ದ ದಪ್ಪ ಅಂಗಿ ಅವನ ಇನ್ನೊಂದು ಸಲಕರಣೆ. 1910ರ ದಶಕದ ಉತ್ತರಾರ್ಧದಲ್ಲಿ ಆ ಅಂಗಿ ತೊಟ್ಟು, ಪತ್ರಿಕಾ ಕಚೇರಿಗಳ ಎತ್ತರದ ಕಟ್ಟಡಗಳಿಂದ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ. ಕೆಳಗಿನ ರಸ್ತೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗುಟ್ಟು ಇರುತ್ತಿದ್ದದ್ದು ಮೇಲೆ ನೇತಾಡುವಾಗ ಅಲ್ಲ, ಕೆಳಗೆ ಅಂಗಿ ಬಿಗಿಸಿಕೊಳ್ಳುವಾಗ. ಎದೆಯುಬ್ಬಿಸಿ, ತೋಳಿನ ಸ್ನಾಯು ಬಿಗಿಹಿಡಿದು, ಒಂದೆರಡು ಅಂಗುಲ ಸಡಿಲ ಉಳಿಸಿಕೊಂಡರೆ ಆಮೇಲೆ ತೋಳನ್ನು ತಲೆಯ ಮೇಲಿಂದ ತರಲು ದಾರಿಯಾಗುತ್ತದೆ. ಆ ಎರಡು ಅಂಗುಲಕ್ಕೆ ವರ್ಷಗಟ್ಟಲೆಯ ವ್ಯಾಯಾಮ ಬೇಕು.

ನೀರಿನ ಆಟಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಲಕರಣೆ ಉಸಿರು. 1908ರ ಜನವರಿಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹೂಡಿನಿ ದೊಡ್ಡ ಹಾಲಿನ ಕ್ಯಾನಿನಲ್ಲಿ ನೀರು ತುಂಬಿಸಿ ಒಳಗೆ ಕೂತ. ಮುಚ್ಚಳಕ್ಕೆ ಬೀಗ ಬಿತ್ತು. ತನ್ನ ಜೊತೆಗೆ ಉಸಿರು ಹಿಡಿದು ನೋಡಿರೆಂದು ಮೊದಲೇ ಪ್ರೇಕ್ಷಕರಿಗೆ ಹೇಳಿದ್ದ. ಒಂದು ನಿಮಿಷ ಕಳೆಯುವಷ್ಟರಲ್ಲಿ ಸಭಾಂಗಣವೆಲ್ಲ ಏದುಸಿರು. ಕೊಡಲಿ ಹಿಡಿದ ಸಹಾಯಕ ಪಕ್ಕದಲ್ಲೇ ನಿಂತಿರುತ್ತಿದ್ದ. 1912ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಗಾಜಿನ ನೀರಪೆಟ್ಟಿಗೆಯ ಆಟದಲ್ಲಿ ಅವನನ್ನು ತಲೆಕೆಳಗಾಗಿ ಮುಳುಗಿಸುತ್ತಿದ್ದರು. ಇವಕ್ಕಾಗಿ ನ್ಯೂಯಾರ್ಕಿನ ಮನೆಯಲ್ಲಿ ದೊಡ್ಡ ಸ್ನಾನದ ತೊಟ್ಟಿ ಮಾಡಿಸಿಕೊಂಡು ತಣ್ಣೀರಿನಲ್ಲಿ ಮುಳುಗಿ ಅಭ್ಯಾಸ ಮಾಡುತ್ತಿದ್ದ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಉಸಿರು ಹಿಡಿದಾಗ ಎದೆ ಒದ್ದಾಡಿ ‘ಸಾಕು’ ಎನ್ನುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದ್ದರಿಂದ. ಆಮ್ಲಜನಕ ಇಳಿದದ್ದು ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಡೈ ಆಕ್ಸೈಡ್ ಹೊರಗೆ ಹೋಗುತ್ತದೆ, ಆಮ್ಲಜನಕವೇನೂ ಹೆಚ್ಚು ಸೇರುವುದಿಲ್ಲ. ಆಗ ಒಳಗಿನ ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುತ್ತದೆ. ಅದು ಬಾರಿಸುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೂ ಎದೆಯುದ್ದದ ಕೊಳದಲ್ಲಿ ಸಾಯುವುದು ಹೀಗೆ. ಪಂದ್ಯ ಕಟ್ಟಿ ಬಾವಿಯಲ್ಲಿ, ಕೆರೆಯಲ್ಲಿ ಉಸಿರು ಹಿಡಿಯುವ ಹುಡುಗರ ತಾಯಿತಂದೆಗಳು ಈ ಮಾತನ್ನು ಮನೆಯಲ್ಲಿ ಒಮ್ಮೆ ಹೇಳಿಬಿಡುವುದು ಮೇಲು.

ಹೂಗ್ಲಿಯ ಮಧ್ಯಾಹ್ನ

ಇದು ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. 2019ರ ಜೂನ್ 16ರಂದು ಕೋಲ್ಕತ್ತದಲ್ಲಿ ‘ಮ್ಯಾಂಡ್ರೇಕ್’ ಎಂಬ ರಂಗನಾಮದ ಜಾದೂಗಾರ ಚಂಚಲ್ ಲಾಹಿರಿ, ಹೂಡಿನಿಯ ಮಾದರಿಯಲ್ಲೇ ಹಗ್ಗ ಸರಪಳಿಗಳಿಂದ ಬಿಗಿಸಿಕೊಂಡು, ಹೌರಾ ಸೇತುವೆಯ ಬಳಿ ದೋಣಿಯೊಂದರಿಂದ ಹೂಗ್ಲಿ ನದಿಗೆ ಇಳಿದರು. ಇಪ್ಪತ್ತೊಂದು ವರ್ಷಗಳ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಕೂತು ಅದೇ ನದಿಯಿಂದ ಅವರು ಬಿಡಿಸಿಕೊಂಡು ಬಂದಿದ್ದರು. ಈ ಸಲ ನೋಡಲು ಬಂದವರು ದೋಣಿಗಳಲ್ಲಿ, ದಡದಲ್ಲಿ ಕಾದರು. ಕ್ಯಾಮೆರಾಗಳು ಕಾದವು. ನಿಮಿಷಗಳು ಕಳೆದರೂ ಅವರು ಮೇಲೆ ಬರಲಿಲ್ಲ. ಇದೂ ಆಟದ ಭಾಗವಿರಬಹುದೇ, ತೊಂದರೆಯಾಗಿರಬಹುದೇ ಎಂದು ಹೇಳುವುದು ನೋಡುವವರಿಗೆ ಸಾಧ್ಯವಿರಲಿಲ್ಲ. ಮರುದಿನ ಸಂಜೆ ಶವ ಸಿಕ್ಕಿತು.

ಕಣ್ಕಟ್ಟಿನ ಅತಿ ಕ್ರೂರವಾದ ಮುಖ ಇದು. ಆಟಗಾರ ನಿಜವಾಗಿ ಒದ್ದಾಡುವಾಗಲೂ ಜನ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು ನಿಂತಿರುತ್ತಾರೆ. ಹೂಡಿನಿ ಹಗ್ಗ ಕಟ್ಟಿಸಿಕೊಂಡದ್ದು, ಕೊಡಲಿಯವನನ್ನು ನಿಲ್ಲಿಸಿಕೊಂಡದ್ದು ಹೇಡಿತನದಿಂದ ಅಲ್ಲ. ಹೊರಗಿನವರಿಗೆ ತನ್ನ ಕಷ್ಟ ಗೊತ್ತಾಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದ್ದುದರಿಂದ. ಹೊಳೆಯ ಹರಿವು, ಕೆಸರು, ಸೆಳವು ಯಾರ ಅಭ್ಯಾಸಕ್ಕೂ ಬಗ್ಗುವುದಿಲ್ಲ. ಹೂಡಿನಿಯ ಸಾವು ಸಂಭವಿಸಿದ್ದು ಕೂಡ ಸಿನಿಮಾದಲ್ಲಿ ತೋರಿಸಿದಂತೆ ನೀರಪೆಟ್ಟಿಗೆಯಲ್ಲಲ್ಲ. 1926ರ ಅಕ್ಟೋಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ವಿದ್ಯಾರ್ಥಿಯೊಬ್ಬ ಅವನ ಹೊಟ್ಟೆಗೆ ಗುದ್ದಿದ. ಅಪೆಂಡಿಕ್ಸ್ ಒಡೆದು ವಿಷವೇರಿದರೂ ಅವನು ಆಟ ನಿಲ್ಲಿಸಲಿಲ್ಲ. ಅಕ್ಟೋಬರ್ 31ರಂದು ಡೆಟ್ರಾಯಿಟಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಅವನಿಗೆ 52 ವರ್ಷ.

ಬಸವನಗುಡಿಯ ಪ್ರಶ್ನೆ

ಮಾರುಕಟ್ಟೆಯ ನಂತರ ರೈಲು ಸುರಂಗದಿಂದ ಮೇಲೇರಿ ಬೆಳಕಿಗೆ ಬರುತ್ತದೆ. ಮುಂದಿನದು ನ್ಯಾಷನಲ್ ಕಾಲೇಜು. ಈ ನಿಲ್ದಾಣಕ್ಕೆ ತನ್ನ ಹೆಸರು ಕೊಟ್ಟ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಭೌತವಿಜ್ಞಾನ ಕಲಿಸಿದರು, ಪ್ರಾಂಶುಪಾಲರಾದರು, ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಇಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಹುಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿಯನ್ನು ಅವರು ರಚಿಸಿದರು. ಊರೆಲ್ಲ ಗದ್ದಲವಾಯಿತು. ಅವರು ಕೇಳುತ್ತಿದ್ದದ್ದು ಸರಳವಾದ ಸಂಗತಿ: ಪವಾಡ ನಿಜವಾದರೆ ಪರೀಕ್ಷೆಗೆ ಹೆದರುವುದೇಕೆ?

ವಿಚಿತ್ರವೆಂದರೆ ಅದಕ್ಕೆ ಅರ್ಧ ಶತಮಾನದ ಮೊದಲು ಇದೇ ಪ್ರಶ್ನೆಯನ್ನು ಹೂಡಿನಿಯೂ ಕೇಳುತ್ತ ತಿರುಗಿದ್ದ. ಸತ್ತವರ ಜೊತೆ ಮಾತಾಡಿಸುತ್ತೇವೆಂದು ದುಡ್ಡು ಕೀಳುವವರನ್ನು ವೇಷ ಮರೆಸಿಕೊಂಡು ಹೋಗಿ ಬಯಲಿಗೆಳೆದ. ತನ್ನ ಆಟಗಳಲ್ಲಿ ದೈವಶಕ್ತಿ ಏನೂ ಇಲ್ಲವೆಂದು ಅವನು ಸಾರುತ್ತಿದ್ದ. 1926ರ ಬೇಸಿಗೆಯಲ್ಲಿ ರಹಮಾನ್ ಬೇ ಎಂಬ ‘ಈಜಿಪ್ಟಿನ ಫಕೀರ’ ನ್ಯೂಯಾರ್ಕಿನ ಈಜುಕೊಳವೊಂದರಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಗಂಟೆ ಇದ್ದು, ಅದು ಸಮಾಧಿಸ್ಥಿತಿಯ ಮಹಿಮೆ ಎಂದ. ಹೂಡಿನಿ ಮೂರು ವಾರ ಅಭ್ಯಾಸ ಮಾಡಿ ಆಗಸ್ಟ್ 5ರಂದು ಶೆಲ್ಟನ್ ಹೋಟೆಲಿನ ಕೊಳದಲ್ಲಿ ಅದೇ ಬಗೆಯ ಪೆಟ್ಟಿಗೆಯಲ್ಲಿ 91 ನಿಮಿಷ ಇದ್ದು ಬಂದ. ಒಳಗೆ ದೂರವಾಣಿ ಇತ್ತು, ಹೊರಗೆ ವೈದ್ಯರಿದ್ದರು. ಸಮಾಧಿಯೂ ಇಲ್ಲ, ಮಂತ್ರವೂ ಇಲ್ಲ, ಹೆದರದೆ ಅಲುಗಾಡದೆ ಮೆಲ್ಲಗೆ ಉಸಿರಾಡಿದರೆ ಪೆಟ್ಟಿಗೆಯ ಗಾಳಿಯೇ ಸಾಕಾಗುತ್ತದೆ ಎಂಬುದು ಅವನ ತೀರ್ಮಾನ. ಆಮೇಲೆ ತನ್ನ ಅನುಭವದ ಟಿಪ್ಪಣಿಗಳನ್ನು ಅಮೆರಿಕದ ಗಣಿ ಇಲಾಖೆಯ ತಜ್ಞರಿಗೆ ಕಳುಹಿಸಿದ. ಗಣಿ ಕುಸಿದು ಒಳಗೆ ಸಿಕ್ಕಿಬಿದ್ದ ಕಾರ್ಮಿಕರಿಗೆ ಅದು ನೆರವಾಗಲಿ ಎಂಬುದು ಅವನ ಆಸೆಯಾಗಿತ್ತು.

ಈ ಪರೀಕ್ಷೆ ಬೆಂಗಳೂರಿನಲ್ಲೂ ನಡೆದಿದೆ. ಲಾಲ್‌ಬಾಗಿನಿಂದ ಆಚೆಗೆ, ಹೊಸೂರು ರಸ್ತೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ನಂತರ ಅದೇ ನಿಮ್ಹಾನ್ಸ್. ಅದರ ಮೊದಲ ನಿರ್ದೇಶಕ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಸಂಗಡಿಗರು 1950ರ ದಶಕದಲ್ಲಿ ಯೋಗಿಯೊಬ್ಬರು ನೆಲದ ಗುಂಡಿಯಲ್ಲಿ ಮುಚ್ಚಿಸಿಕೊಂಡು ಸುಮಾರು ಒಂಬತ್ತು ಗಂಟೆ ಇದ್ದಾಗ ಅವರ ಹೃದಯ ಬಡಿತವನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ದಾಖಲಿಸಿದರು. ವರದಿ 1958ರಲ್ಲಿ ಸಂಸ್ಥೆಯ ಪ್ರಕಟಣೆಯಲ್ಲಿ ಬಂತು. ಮಿದುಳಿನ ಅಲೆಗಳು ತೋರಿಸಿದ್ದು ಸತ್ತಂತಹ ಸ್ಥಿತಿಯನ್ನಲ್ಲ, ಗಾಢ ನಿದ್ರೆಯನ್ನೂ ಅಲ್ಲ. ಕಣ್ಣು ಮುಚ್ಚಿ, ಮೈ ಸಡಿಲಬಿಟ್ಟು, ಎಚ್ಚರವಾಗಿ ಮಲಗಿದ ಮನುಷ್ಯನ ಅಲೆಗಳವು. ಬಳಿಕ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಕೆ. ಆನಂದ್ ಮತ್ತಿತರರು ರಮಾನಂದ ಯೋಗಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಒಮ್ಮೆ 8 ಗಂಟೆ, ಇನ್ನೊಮ್ಮೆ 10 ಗಂಟೆ ಕೂರಿಸಿ ಪರೀಕ್ಷಿಸಿದರು. ಅವರು ಬಳಸಿದ ಆಮ್ಲಜನಕ ಸಾಮಾನ್ಯ ವಿಶ್ರಾಂತಿಯ ಅಗತ್ಯಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು ಎಂದು 1961ರಲ್ಲಿ ಪ್ರಕಟಿಸಿದರು.

ಈ ಫಲಿತಾಂಶಗಳಿಂದ ಯೋಗಿಗಳ ಮಾನವೇನೂ ಹೋಗಲಿಲ್ಲ. ಉಸಿರನ್ನೂ ಭಯವನ್ನೂ ಹತೋಟಿಗೆ ತಂದುಕೊಳ್ಳುವುದು ದೊಡ್ಡ ಸಾಧನೆಯೇ. ಅಳತೆಗೆ ಸಿಕ್ಕಿತೆಂದು ಸಾಧನೆ ಕುಗ್ಗುವುದಿಲ್ಲ. ಬುಟ್ಟಿಯಲ್ಲಿ ಸುತ್ತಿಕೊಂಡು ಮಲಗಿದ ಹುಡುಗನ ಗುಟ್ಟು ತಿಳಿದ ಮೇಲೆ ಅವನ ಬಗೆಗಿನ ಗೌರವ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಅದರ ಜೊತೆಗೆ ಆ ಹುಡುಗ ಯಾವ ಶಾಲೆಗೆ ಹೋಗುತ್ತಾನೆಂಬ ಪ್ರಶ್ನೆಯೂ ಏಳಬೇಕು. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಸರ್ಕಸ್ಸುಗಳಲ್ಲಿ ಮಕ್ಕಳನ್ನು ಬಳಸುವುದನ್ನು ನಿಷೇಧಿಸಲು ಆದೇಶಿಸಿದ್ದು ಅಂಥ ಪ್ರಶ್ನೆಯನ್ನು ಯಾರೋ ಕೇಳಿದ್ದರಿಂದ.

ಇಂದು ಶ್ರೀರಾಂಪುರದ ಓಣಿಯ ಮಕ್ಕಳು ಡೋಲಿಗೆ ಕಾಯುವುದಿಲ್ಲ. ಸರಪಳಿ, ನೀರು, ಬೆಂಕಿಯ ಆಟಗಳೆಲ್ಲ ಅಂಗೈಯ ಫೋನಿನಲ್ಲೇ ಬರುತ್ತವೆ. ಅರ್ಧ ನಿಮಿಷದ ಆ ಚಿತ್ರದಲ್ಲಿ ಮೂರು ವಾರದ ಅಭ್ಯಾಸ ಕಾಣುವುದಿಲ್ಲ, 113 ಅಡಿಯ ಹಗ್ಗ ಕಾಣುವುದಿಲ್ಲ, ಕೊಡಲಿ ಹಿಡಿದು ನಿಂತವನು ಕಾಣುವುದಿಲ್ಲ. ಮಕ್ಕಳು ನೋಡಬಾರದೆಂದು ಫೋನು ಕಸಿದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಕೂತು, ‘ಹಗ್ಗ ಎಲ್ಲಿದೆ, ಹುಡುಕು’ ಎಂದು ಹೇಳುವ ತಾಯಿತಂದೆ ಹೆಚ್ಚು ಕಲಿಸುತ್ತಾರೆ. ಒಂದು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಶ್ರೀರಾಂಪುರದಲ್ಲಿ ರೈಲು ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ, ದಾರಿಯುದ್ದಕ್ಕೂ ಮಾತಾಡಲು ವಿಷಯಕ್ಕೇನೂ ಕೊರತೆಯಾಗದು. ಇಳಿದ ಮೇಲೆ ಗಾಂಧಿಬಜಾರಿನಲ್ಲಿ ದೋಸೆಯೂ ಸಿಗುತ್ತದೆ.